ಕತ್ತಿನ ನಾಳದ ಸುಣ್ಣ ಮತ್ತು ಮಾವನ ಚಿಲ್ಲರೆ ಲೆಕ್ಕ

ಡೊಂಬಿವಲಿಯಲ್ಲಿರುವ ನನ್ನ ಮಾವನ ಬಳಿ ಎರಡು ರಿಪೋರ್ಟ್‌ಗಳಿದ್ದವು. ಕತ್ತಿನ ಎಡಗಡೆಯ ರಕ್ತನಾಳ ಶೇಕಡಾ 50ರಿಂದ 69ರಷ್ಟು ಕಿರಿದಾಗಿದೆ ಎಂದು ಡಾಪ್ಲರ್, ಅಂದರೆ ಶಬ್ದದ ಅಲೆಯಿಂದ ಮಾಡುವ ಪರೀಕ್ಷೆ, ಹೇಳಿತ್ತು. ಹದಿನೈದು ದಿನ ಬಿಟ್ಟು ಮಾಡಿಸಿದ ಸಿಟಿ ಸ್ಕ್ಯಾನ್ 70 ಎಂದಿತ್ತು. ಮಾವ ಮೂವತ್ತೈದು ವರ್ಷ ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂತವರು. ರಾತ್ರಿ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಕೊನೆಯ ಲೋಕಲ್ ತಪ್ಪಿಸಿಕೊಂಡು ಹುಡುಕುತ್ತಿದ್ದವರು. ಅವರಿಗೆ ಇದು ಸಹಿಸುವ ಮಾತೇ ಅಲ್ಲ.

“ಒಂದೇ ಕತ್ತು, ಒಂದೇ ನಾಳ. ಲೆಕ್ಕ ಎರಡು ಹೇಗಾಯಿತು ಮಾರಾಯ?”

ಮಾವನಿಗೆ ತೊಂದರೆ ಏನೂ ಇರಲಿಲ್ಲ. ಹರ್ನಿಯಾ ಆಪರೇಷನ್‌ಗೆ ಮೊದಲು ಫಿಟ್‌ನೆಸ್ ನೋಡುವಾಗ ಡಾಕ್ಟರು ಕತ್ತಿನ ಮೇಲೆ ಸ್ಟೆತಾಸ್ಕೋಪ್ ಇಟ್ಟರು. ಅಲ್ಲಿ ಸುಯ್ ಸುಯ್ ಎಂದು ಸದ್ದು ಕೇಳಿಸಿತು. ಇಕ್ಕಟ್ಟಾದ ಜಾಗದಲ್ಲಿ ರಕ್ತ ನುಗ್ಗುವಾಗ ಬರುವ ಸದ್ದು ಅದು. ಅಲ್ಲಿಂದ ಶುರುವಾಯಿತು ಈ ಓಡಾಟ. ಅವರ ಪ್ರಶ್ನೆಗೆ ಉತ್ತರ ಹೇಳಲು ಹೋಗಿ ನಾನು ಕಲಿತದ್ದೇ ಜಾಸ್ತಿ.

ಗಂಟಲಿನ ಮುಂದೆ ಉಬ್ಬಿದ ಮೂಳೆಯಂಥ ಭಾಗ ಇದೆಯಲ್ಲ, ಅದರ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಅದು ಕ್ಯಾರೊಟಿಡ್ ನಾಳ. ಸುಮಾರು ಅದೇ ಎತ್ತರದಲ್ಲಿ ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ಕವಲಿನ ಹತ್ತಿರ ನಾಳ ಸ್ವಲ್ಪ ಉಬ್ಬಿರುತ್ತದೆ. ಅಲ್ಲಿ ರಕ್ತ ನೇರ ಹರಿಯುವುದಿಲ್ಲ, ಸುಳಿ ತಿರುಗುತ್ತದೆ. ಹೊಳೆ ಸುಳಿ ತಿರುಗುವ ಕಡೆ ಕಸ ನಿಲ್ಲುವ ಹಾಗೆ ಗೋಡೆಗೆ ಜಿಡ್ಡು ಸೇರುವುದು ಅಲ್ಲೇ. ಇದಕ್ಕೆ ಪ್ಲಾಕ್ ಎನ್ನುತ್ತಾರೆ.

ಪ್ಲಾಕ್ ಅಂದರೆ ಪೈಪಿನೊಳಗೆ ಅಂಟಿದ ಕೊಳೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಅದು ಗೋಡೆಯ ಒಳಗೇ ಬೆಳೆಯುವ ಗಡ್ಡೆಯಂಥದ್ದು. ನಡುವೆ ಜಿಡ್ಡು ಮತ್ತು ಸತ್ತ ಕೋಶಗಳ ರಾಡಿ, ಅದರ ಮೇಲೆ ನಾರಿನ ಮುಚ್ಚಳ, ಅಲ್ಲಲ್ಲಿ ಕ್ಯಾಲ್ಸಿಯಂ, ಅಂದರೆ ನಮ್ಮ ಭಾಷೆಯಲ್ಲಿ ಸುಣ್ಣ. ಕೆಲವು ಸಲ ಗಡ್ಡೆಯೊಳಗೇ ರಕ್ತ ಸೋರಿರುತ್ತದೆ. ಮುಚ್ಚಳ ತೆಳ್ಳಗಿದ್ದು ಒಳಗೆ ರಾಡಿ ಜಾಸ್ತಿ ಇದ್ದರೆ ಅದು ಒಡೆಯಬಹುದು. ಒಡೆದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಗಟ್ಟಿ ಸುಣ್ಣದ ಪ್ಲಾಕ್ ನೋಡಲು ಭಯಂಕರ, ಆದರೆ ಎಷ್ಟೋ ಸಲ ಸುಮ್ನೆ ಕೂತಿರುತ್ತದೆ. ಮೆತ್ತನೆಯದು ನಾಳವನ್ನು ಅಷ್ಟೇನೂ ಮುಚ್ಚದೆಯೇ ಕೈಕೊಡಬಹುದು.

ಹಾಗಾದರೆ ಎಲ್ಲ ರಿಪೋರ್ಟ್‌ಗಳೂ ಶೇಕಡಾ ಎಷ್ಟು ಮುಚ್ಚಿದೆ ಎಂದೇ ಯಾಕೆ ಬರೆಯುತ್ತವೆ? ಅದಕ್ಕೊಂದು ಇತಿಹಾಸ ಇದೆ. 1991ರಲ್ಲಿ ಉತ್ತರ ಅಮೆರಿಕದ ನ್ಯಾಸೆಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿದ್ದವರಿಗೆ ಆಗಲೇ ಪಾರ್ಶ್ವವಾಯುವಿನ ಲಕ್ಷಣ ಒಮ್ಮೆ ಕಾಣಿಸಿಕೊಂಡಿತ್ತು, ಜೊತೆಗೆ ನಾಳ ಶೇಕಡಾ 70ರಿಂದ 99ರಷ್ಟು ಕಿರಿದಾಗಿತ್ತು. ಬರೀ ಔಷಧ ತೆಗೆದುಕೊಂಡವರಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಆಗುವ ಸಂಭವ 26 ಶೇಕಡಾ ಇತ್ತು. ಆಪರೇಷನ್ ಮಾಡಿ ಪ್ಲಾಕ್ ತೆಗೆಸಿಕೊಂಡವರಲ್ಲಿ ಅದು 9ಕ್ಕೆ ಇಳಿಯಿತು. ಅಷ್ಟು ದೊಡ್ಡ ವ್ಯತ್ಯಾಸ ಕಂಡ ಮೇಲೆ 70 ಎನ್ನುವುದು ಒಂದು ಗಡಿಕಲ್ಲಾಯಿತು. ಆಗ ನಾಳಕ್ಕೆ ಕೊಳವೆ ತೂರಿಸಿ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುತ್ತಿದ್ದರು. ಅದರಲ್ಲಿ ಕಾಣುವುದು ರಕ್ತ ಹರಿಯುವ ದಾರಿ ಮಾತ್ರ, ಗೋಡೆ ಕಾಣುವುದಿಲ್ಲ. ಕಂಡದ್ದನ್ನೇ ಅಳೆದರು. ಈಗ ಗೋಡೆ ಕಾಣಿಸುವ ಯಂತ್ರಗಳು ಬಂದಿವೆ, ನಾವು ಮಾತ್ರ ಇನ್ನೂ ತೂತನ್ನೇ ಅಳೆಯುತ್ತಿದ್ದೇವೆ.

ಆ ಅಳತೆಯಲ್ಲೂ ಒಂದು ತಮಾಷೆ ಇದೆ. ಅತಿ ಕಿರಿದಾದ ಜಾಗದಲ್ಲಿ ದಾರಿ 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದಕ್ಕಿಂತ ಮೇಲೆ, ನಾಳ ಚೆನ್ನಾಗಿರುವ ಕಡೆ 5 ಮಿಲಿಮೀಟರ್. ನ್ಯಾಸೆಟ್ ಪದ್ಧತಿಯಲ್ಲಿ 5ಕ್ಕೆ 2 ಉಳಿದಿದೆ, ಹಾಗಾಗಿ 60 ಶೇಕಡಾ ಮುಚ್ಚಿದೆ. ಯುರೋಪಿನ ಹಳೆಯ ಪದ್ಧತಿಯಲ್ಲಿ ಪ್ಲಾಕ್ ಇರುವ ಜಾಗದಲ್ಲೇ ನಾಳ ಮೂಲತಃ ಎಷ್ಟು ಅಗಲ ಇದ್ದಿರಬಹುದು ಎಂದು ಅಂದಾಜು ಮಾಡುತ್ತಾರೆ. ಅದು 8 ಮಿಲಿಮೀಟರ್ ಎಂದಾದರೆ 8ಕ್ಕೆ 2 ಉಳಿದಿದೆ, ಅಂದರೆ 75 ಶೇಕಡಾ. ನಾಳ ಅದೇ, ಮನುಷ್ಯ ಅವನೇ. ಮಾವನಿಗೆ ಇದನ್ನು ಹೇಳಿದಾಗ “ಇದು ಎಂಆರ್‌ಪಿ ಮೇಲೆ ಡಿಸ್ಕೌಂಟ್ ಹೇಳುವ ಹಾಗಾಯಿತಲ್ಲ” ಎಂದರು. ಹೌದು, ಯಾವುದರ ಮೇಲೆ ಎಂದು ಕೇಳದೆ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ.

ಡಾಪ್ಲರ್ ಇನ್ನೂ ಬೇರೆ ಜಾತಿ. ಅದು ಅಗಲಕ್ಕಿಂತ ಹೆಚ್ಚಾಗಿ ರಕ್ತದ ವೇಗ ನೋಡುತ್ತದೆ. ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ 50 ಶೇಕಡಾ ಮುಚ್ಚಿರಬಹುದು, 230 ದಾಟಿದರೆ 70 ಎಂದು ಸಾಮಾನ್ಯ ಲೆಕ್ಕ. ದಾದರ್ ಸೇತುವೆಯ ಮೆಟ್ಟಿಲ ಮೇಲೆ ಜನ ಎಷ್ಟು ನುಗ್ಗುತ್ತಿದ್ದಾರೆ ಎಂದು ನೋಡಿ ಮೆಟ್ಟಿಲಿನ ಅಗಲ ಹೇಳಿದಂತೆ. ಬಹಳ ಸಲ ಸರಿಯಾಗಿಯೇ ಇರುತ್ತದೆ. ಖರ್ಚು ಕಡಿಮೆ, ಕಿರಣದ ಹಂಗಿಲ್ಲ. ಮೊದಲ ಪರೀಕ್ಷೆ ಅದೇ ಆಗಿರಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸುಣ್ಣ ದಪ್ಪ ಇದ್ದರೆ ಶಬ್ದದ ಅಲೆ ಅದನ್ನು ದಾಟುವುದಿಲ್ಲ, ಹಿಂದೆ ಕಪ್ಪು ನೆರಳು ಬೀಳುತ್ತದೆ.

ಈಗ ಸಿಟಿಗೆ ಬರೋಣ. ಮೊದಲ ಬಾರಿ ರೋಗಿಯೊಬ್ಬರ ತಲೆಯ ಸಿಟಿ ಸ್ಕ್ಯಾನ್ ಆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಮಾಡಿದವರು ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಇಂದಿಗೂ ಸಿಟಿ ಚಿತ್ರದ ಪ್ರತಿ ಚುಕ್ಕಿಯ ಅಂಕಿಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರು. ನೀರು 0, ಗಾಳಿ ಮೈನಸ್ 1000. ಪ್ಲಾಕ್ ವಿಷಯದಲ್ಲಿ ರೂಢಿಯ ಲೆಕ್ಕ ಹೀಗಿದೆ: 60ಕ್ಕಿಂತ ಕಡಿಮೆ ಬಂದರೆ ಜಿಡ್ಡು, 60ರಿಂದ 130ರವರೆಗೆ ಮಿಶ್ರ, ಅದಕ್ಕಿಂತ ಮೇಲೆ ಸುಣ್ಣ. ರಕ್ತ ಬೆಳ್ಳಗೆ ಕಾಣಲಿ ಎಂದು ಕೈಯ ನರದಿಂದ ಅಯೋಡಿನ್ ಇರುವ ಕಾಂಟ್ರಾಸ್ಟ್ ಕೊಡುತ್ತಾರೆ. ಆಗ ರಕ್ತದ ಅಂಕಿ ಕೆಲವು ನೂರಕ್ಕೆ ಏರುತ್ತದೆ.

ತೊಂದರೆ ಶುರುವಾಗುವುದೇ ಇಲ್ಲಿ. ಅಯೋಡಿನ್ ಬೆಳ್ಳಗೆ, ಸುಣ್ಣವೂ ಬೆಳ್ಳಗೆ. ಎರಡೂ ಮೈಗೆ ಮೈ ತಾಗಿಸಿಕೊಂಡು ಕೂತಿವೆ. ಅದರ ಮೇಲೆ ಸುಣ್ಣ ತನ್ನ ನಿಜವಾದ ಗಾತ್ರಕ್ಕಿಂತ ಹಿಗ್ಗಿ ಕಾಣುತ್ತದೆ. ಮಳೆಗಾಲದ ರಾತ್ರಿ ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ಬರುವ ಲೋಕಲ್ ನೋಡಿ. ಹೆಡ್‌ಲೈಟ್ ಇಡೀ ಡಬ್ಬಿಯಷ್ಟು ದೊಡ್ಡದು ಅನ್ನಿಸುತ್ತದೆ. ಹತ್ತಿರ ಬಂದಾಗ ಅಂಗೈಯಗಲ. ಸಿಟಿಯಲ್ಲಿ ಇದನ್ನು ಬ್ಲೂಮಿಂಗ್ ಎನ್ನುತ್ತಾರೆ. ಸಾಮಾನ್ಯ ಸಿಟಿಯ ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್. ಚುಕ್ಕಿಯ ಒಂದು ಮೂಲೆಯಲ್ಲಿ ಸುಣ್ಣ ಇದ್ದರೂ ಇಡೀ ಚುಕ್ಕಿ ಬೆಳ್ಳಗಾಗುತ್ತದೆ. ಮೇಲಿನ ಉದಾಹರಣೆಯ 2 ಮಿಲಿಮೀಟರ್ ದಾರಿಯಲ್ಲಿ ಸುಣ್ಣ ಸುಳ್ಳಾಗಿ ಅರ್ಧ ಮಿಲಿಮೀಟರ್ ನುಂಗಿತು ಎನ್ನಿ. ಉಳಿದದ್ದು ಒಂದೂವರೆ. 5ಕ್ಕೆ ಒಂದೂವರೆ ಅಂದರೆ 70 ಶೇಕಡಾ. 60 ಇದ್ದದ್ದು ಗಡಿಕಲ್ಲು ಮುಟ್ಟಿತು. ಮಾವನ ರಿಪೋರ್ಟಿನಲ್ಲಿ ಆಗಿದ್ದೂ ಇಂಥದ್ದೇ.

ಇದನ್ನು ಬಗೆಹರಿಸಲು ಬಂದ ಮೊದಲ ದೊಡ್ಡ ಉಪಾಯ ಡ್ಯುಯಲ್ ಎನರ್ಜಿ ಸಿಟಿ. ನಮ್ಮ ಒಂದು ರೂಪಾಯಿ ಮತ್ತು ಎರಡು ರೂಪಾಯಿಯ ಸ್ಟೀಲ್ ನಾಣ್ಯ ನೋಡಲು ಒಂದೇ ಥರ ಬಂದಿದ್ದವು, ನೆನಪಿದೆಯಾ? ಮಾವ ಅದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಬೆರಳಲ್ಲಿ ತೂಗಿ, ಕಲ್ಲಿನ ಮೇಲೆ ತಟ್ಟಿ, ಎರಡು ಪರೀಕ್ಷೆ ಸೇರಿಸಿ ಹೇಳುತ್ತಿದ್ದರು. ಇಲ್ಲೂ ಹಾಗೆಯೇ. ಒಂದೇ ಜಾಗವನ್ನು ಕಡಿಮೆ ಶಕ್ತಿಯ ಎಕ್ಸ್‌ರೇಯಲ್ಲಿ ಒಮ್ಮೆ, ಹೆಚ್ಚು ಶಕ್ತಿಯದರಲ್ಲಿ ಒಮ್ಮೆ ನೋಡುತ್ತಾರೆ. ಶಕ್ತಿ ಇಳಿಸಿದಾಗ ಅಯೋಡಿನ್ ಒಮ್ಮೆಗೇ ಜಾಸ್ತಿ ಬೆಳಗುತ್ತದೆ. ಸುಣ್ಣವೂ ಬೆಳಗುತ್ತದೆ, ಆದರೆ ಅಷ್ಟಲ್ಲ. ಜಿಡ್ಡು ಉಲ್ಟಾ, ಇನ್ನಷ್ಟು ಕಪ್ಪಾಗುತ್ತದೆ. ಎರಡು ಅಂಕಿಗಳ ನಡುವಿನ ಏರಿಳಿತ ನೋಡಿದರೆ ಯಾವುದು ಏನು ಎಂದು ತಿಳಿಯುತ್ತದೆ. ಸುಣ್ಣವನ್ನು ಮಾತ್ರ ಚಿತ್ರದಿಂದ ಅಳಿಸಿ ದಾರಿ ನೋಡಬಹುದು. ಅಯೋಡಿನ್ ಮಾತ್ರ ಅಳಿಸಿ ಕಾಂಟ್ರಾಸ್ಟ್ ಕೊಡದೇ ತೆಗೆದಂತೆಯೂ ನೋಡಬಹುದು.

ಇದನ್ನು ಮಾಡುವ ದಾರಿ ಕಂಪನಿಗೊಂದು. ಕೆಲವು ಯಂತ್ರಗಳಲ್ಲಿ ಎಕ್ಸ್‌ರೇ ಟ್ಯೂಬ್‌ಗಳೇ ಎರಡು, ಒಂದಕ್ಕೊಂದು ಅಡ್ಡಡ್ಡ. ಎರಡೂ ಶಕ್ತಿಗಳನ್ನು ಬೇಕಾದಂತೆ ದೂರ ದೂರ ಇಡಬಹುದು, ಹಾಗಾಗಿ ಗುರುತು ಚೆನ್ನಾಗಿ ಸಿಗುತ್ತದೆ. ಎರಡನೇ ಟ್ಯೂಬಿನ ನೋಟ ಸ್ವಲ್ಪ ಕಿರಿದು. ಹೊಟ್ಟೆ ದೊಡ್ಡದಿದ್ದವರಿಗೆ ಅದು ತೊಂದರೆ, ಕತ್ತಿಗೆ ಧಾರಾಳ ಸಾಕು. ಇನ್ನು ಕೆಲವದರಲ್ಲಿ ಟ್ಯೂಬ್ ಒಂದೇ, ಆದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ ಸಮಯದಲ್ಲಿ ಅದರ ವೋಲ್ಟೇಜ್ 80 ಕಿಲೋವೋಲ್ಟ್‌ನಿಂದ 140ಕ್ಕೆ, 140ರಿಂದ 80ಕ್ಕೆ ಜಿಗಿಯುತ್ತದೆ. ಮೂರನೆಯ ದಾರಿ ನನಗೆ ಇಷ್ಟವಾದದ್ದು. ಅದರಲ್ಲಿ ಟ್ಯೂಬನ್ನು ಮುಟ್ಟುವುದೇ ಇಲ್ಲ. ಕಿರಣ ಹಿಡಿಯುವ ಡಿಟೆಕ್ಟರನ್ನೇ ಎರಡು ಪದರ ಮಾಡಿದ್ದಾರೆ. ಮೇಲಿನ ಪದರದಲ್ಲಿ ಬಲ ಕಡಿಮೆ ಇರುವ ಕಿರಣಗಳು ನಿಲ್ಲುತ್ತವೆ, ಬಲ ಇದ್ದವು ಕೆಳಗೆ ಇಳಿಯುತ್ತವೆ. ಮೊದಲೇ ಯೋಚಿಸಿ ಬೇರೆ ಥರ ಸ್ಕ್ಯಾನ್ ಮಾಡಬೇಕೆಂದಿಲ್ಲ. ಎರಡು ಶಕ್ತಿಯ ಲೆಕ್ಕ ಪ್ರತಿ ಸ್ಕ್ಯಾನಿನಲ್ಲೂ ತಾನಾಗಿ ಬರುತ್ತದೆ, ಅದೂ ಒಂದೇ ಕ್ಷಣದ್ದು. ನಡುವೆ ರೋಗಿ ಎಂಜಲು ನುಂಗಿದರೂ ಎರಡು ಚಿತ್ರ ಹೊಂದದೇ ಹೋಗುವ ಭಯವಿಲ್ಲ. ಕೊರತೆ ಏನೆಂದರೆ ಎರಡು ಶಕ್ತಿಗಳೂ ಅಷ್ಟು ಸ್ಪಷ್ಟವಾಗಿ ಬೇರೆಯಾಗುವುದಿಲ್ಲ.

ಡ್ಯುಯಲ್ ಎನರ್ಜಿಯ ಇನ್ನೊಂದು ಲಾಭ, ಒಂದೇ ಸ್ಕ್ಯಾನಿನಿಂದ ಬೇಕಾದ ಶಕ್ತಿಯ ಚಿತ್ರ ಲೆಕ್ಕ ಹಾಕಿ ತೆಗೆಯಬಹುದು. 40 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಸಿದರೆ ಅಯೋಡಿನ್ ಝಗ್ಗನೆ ಬೆಳಗುತ್ತದೆ. ಕಿಡ್ನಿ ದುರ್ಬಲ ಇರುವವರಿಗೆ ಕಾಂಟ್ರಾಸ್ಟ್ ಕಡಿಮೆ ಕೊಟ್ಟು ಕೆಲಸ ಮುಗಿಸಬಹುದು. ಮೇಲೆ ಏರಿಸಿದರೆ ಸುಣ್ಣದ ಹಿಗ್ಗುವಿಕೆ ಇಳಿಯುತ್ತದೆ, ಹಲ್ಲಿಗೆ ಹಾಕಿಸಿದ ಲೋಹದ ಕ್ಯಾಪಿನಿಂದ ಬರುವ ಗೆರೆಗಳೂ ಕಡಿಮೆಯಾಗುತ್ತವೆ. ಆದರೆ ಏರಿಸುತ್ತಾ ಹೋದರೆ ಅಯೋಡಿನ್ನೇ ಮಂಕಾಗುತ್ತದೆ. ಹಾಗಾಗಿ ಎರಡು ಮೂರು ಶಕ್ತಿಯಲ್ಲಿ ಹಿಂದೆ ಮುಂದೆ ಹೋಗಿ ನೋಡುವ ತಾಳ್ಮೆ ಬೇಕು.

ಚುಕ್ಕಿಯ ಗಾತ್ರ ಮಾತ್ರ ಇನ್ನೂ ಅರ್ಧ ಮಿಲಿಮೀಟರ್ ಸುಮಾರಿಗೇ ನಿಂತಿತ್ತು. ಅದನ್ನು ಮುರಿದವುಗಳಲ್ಲಿ ಹೆಚ್ಚು ಸುದ್ದಿ ಮಾಡಿದ್ದು ಫೋಟಾನ್ ಕೌಂಟಿಂಗ್ ಸಿಟಿ, ಅಂದರೆ ಎಕ್ಸ್‌ರೇಯ ಒಂದೊಂದೇ ಕಣವನ್ನು (ಫೋಟಾನ್) ಎಣಿಸುವ ಸಿಟಿ. ಈ ಬಗೆಯ ಮೊದಲ ಆಸ್ಪತ್ರೆ ಯಂತ್ರಕ್ಕೆ, ಸೀಮೆನ್ಸ್ ಕಂಪನಿಯ ನಿಯೋಟಾಮ್ ಆಲ್ಫಾಗೆ, ಔಷಧ ಮತ್ತು ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಇದರ ಕೆಲಸವನ್ನು ಮಾವನಿಗೆ ವಿವರಿಸಿದ್ದು ಗಲ್ಲಾಪೆಟ್ಟಿಗೆಯ ಭಾಷೆಯಲ್ಲಿ. ಹಳೆಯ ಡಿಟೆಕ್ಟರಿಗೆ ಎಕ್ಸ್‌ರೇ ಬಿದ್ದರೆ ಮೊದಲು ಬೆಳಕಾಗುತ್ತದೆ, ಆ ಬೆಳಕು ಆಮೇಲೆ ಕರೆಂಟಾಗುತ್ತದೆ. ಬಂದದ್ದೆಲ್ಲ ಒಟ್ಟು ಸೇರಿ ಒಂದು ಮೊತ್ತ. “ಇವತ್ತಿನ ವ್ಯಾಪಾರ ಎಂಟು ಸಾವಿರ” ಎಂದ ಹಾಗೆ. ಅದರಲ್ಲಿ ಐನೂರರ ನೋಟು ಎಷ್ಟು, ಹತ್ತರ ನಾಣ್ಯ ಎಷ್ಟು, ಗೊತ್ತಿಲ್ಲ. ಇನ್ನೂ ಒಂದು ಅನ್ಯಾಯ ಇದೆ. ಮೊತ್ತದಲ್ಲಿ ದೊಡ್ಡ ನೋಟಿನದೇ ದರ್ಬಾರು, ಚಿಲ್ಲರೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಯೋಡಿನ್ ಎಲ್ಲಿದೆ ಎಂಬ ಸುದ್ದಿಯನ್ನು ಹೆಚ್ಚಾಗಿ ಹೊತ್ತು ತರುವುದು ಕಡಿಮೆ ಶಕ್ತಿಯ ಫೋಟಾನ್‌ಗಳು, ಅಂದರೆ ಆ ಚಿಲ್ಲರೆಯೇ.

ಹೊಸ ಡಿಟೆಕ್ಟರ್ ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಹರಳಿನದು. ನಡುವೆ ಬೆಳಕಿನ ದಲ್ಲಾಳಿ ಇಲ್ಲ. ಫೋಟಾನ್ ಬಿದ್ದ ಕೂಡಲೇ ನೇರ ಕರೆಂಟು. ಪ್ರತಿ ಫೋಟಾನಿಗೂ ಒಂದು ಮಿಡಿತ, ಮಿಡಿತದ ಎತ್ತರವೇ ಅದರ ಶಕ್ತಿ. ಒಂದೊಂದೇ ನಾಣ್ಯ ಕೈಗೆ ತೆಗೆದುಕೊಂಡು, ಮುಖಬೆಲೆ ನೋಡಿ, ಅದರದರ ಖಾನೆಗೆ ಹಾಕಿದಂತೆ. ಎಲ್ಲ ಫೋಟಾನ್‌ಗೂ ಒಂದೊಂದು ಎಣಿಕೆ. ಎಲೆಕ್ಟ್ರಾನಿಕ್ಸ್ ಮಾಡುವ ಗೊರಗೊರ ಸದ್ದು ಸವೆದ ಬಿಲ್ಲೆಯ ಹಾಗೆ, ಕನಿಷ್ಠ ಬೆಲೆಗಿಂತ ಕೆಳಗಿದೆ ಎಂದು ಪಕ್ಕಕ್ಕೆ ಸರಿಸಿಬಿಡುತ್ತದೆ. ಹಳೆಯದರಲ್ಲಿ ಡಿಟೆಕ್ಟರಿನ ಒಂದು ಕೋಣೆಯ ಬೆಳಕು ಪಕ್ಕದ್ದಕ್ಕೆ ಹೋಗದಂತೆ ನಡುವೆ ಗೋಡೆ ಕಟ್ಟಬೇಕಿತ್ತು. ಕೋಣೆ ಚಿಕ್ಕದು ಮಾಡಿದಷ್ಟೂ ಗೋಡೆಯೇ ಜಾಗ ತಿನ್ನುತ್ತಿತ್ತು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಇಲ್ಲಿ ಗೋಡೆ ಬೇಡ, ಹಾಗಾಗಿ ಸ್ಲೈಸ್, ಅಂದರೆ ಚಿತ್ರದ ಒಂದೊಂದು ಪದರ, 0.2 ಮಿಲಿಮೀಟರ್‌ವರೆಗೆ ತೆಳ್ಳಗಾಯಿತು. ಸುಣ್ಣ ಹಿಗ್ಗಲು ಜಾಗವೇ ಕಡಿಮೆ. ಪ್ಲಾಕ್ ಮೇಲಿನ ಹುಣ್ಣಿನಂಥ ಚಿಕ್ಕ ಗುಂಡಿ, ನಾಳಕ್ಕೆ ಹಾಕಿದ ಸ್ಟೆಂಟಿನ ಒಳಗಿನ ದಾರಿ, ಇವೆಲ್ಲ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಡ್ಯುಯಲ್ ಎನರ್ಜಿಯ ಲಾಭಗಳೂ ಜೊತೆಗೇ ಬರುತ್ತವೆ, ಏಕೆಂದರೆ ಬೆಲೆ ನೋಡಿಯೇ ಎಣಿಸಿದ್ದು.

“ಊಟದ ಹೊತ್ತಿನ ರಶ್ಶಿನಲ್ಲಿ?” ಎಂದು ಮಾವ ಕೇಳಿದರು. ನನಗೆ ನಿಜಕ್ಕೂ ಖುಷಿಯಾಯಿತು, ಎಂಜಿನಿಯರುಗಳು ತಲೆಕೆಡಿಸಿಕೊಂಡಿರುವುದೂ ಅದಕ್ಕೇ. ಫೋಟಾನ್‌ಗಳು ಒಂದರ ಬೆನ್ನಿಗೊಂದು ಬಿದ್ದರೆ ಎರಡು ಐದರ ನಾಣ್ಯವನ್ನು ಒಂದು ಹತ್ತರದು ಎಂದು ಬರೆದುಕೊಳ್ಳುವ ತಪ್ಪಾಗುತ್ತದೆ. ಫೋಟಾನ್ ಎರಡು ಕೋಣೆಯ ಗಡಿಯ ಮೇಲೆ ಬಿದ್ದರೆ ಉಲ್ಟಾ. ಒಂದು ಹತ್ತರ ನಾಣ್ಯ ಎರಡು ಐದರದಾಗಿ ಇಬ್ಬರ ಲೆಕ್ಕದಲ್ಲೂ ಸೇರುತ್ತದೆ. ಕೋಣೆ ಚಿಕ್ಕದಾದಷ್ಟೂ ಮೊದಲ ತಪ್ಪು ಕಡಿಮೆ, ಎರಡನೆಯದು ಜಾಸ್ತಿ. ಅವೆರಡರ ನಡುವೆ ರಾಜಿ ಮಾಡಿಕೊಂಡೇ ಗಾತ್ರ ಗೊತ್ತು ಮಾಡಿದ್ದಾರೆ. ಜೊತೆಗೆ ಚುಕ್ಕಿ ಚಿಕ್ಕದಾದರೆ ಅದರ ಪಾಲಿಗೆ ಬರುವ ಫೋಟಾನೂ ಕಡಿಮೆ, ಚಿತ್ರ ಮರಳು ಮರಳಾಗುತ್ತದೆ. ಅದನ್ನು ಸಾಫ್ಟ್‌ವೇರ್ ನಯ ಮಾಡಬೇಕು.

ಒಂದೊಂದೇ ಫೋಟಾನ್ ಎಣಿಸುವ ಚಿಪ್ಪುಗಳ ಒಂದು ಮುಖ್ಯ ವಂಶ ಹುಟ್ಟಿದ್ದು ಆಸ್ಪತ್ರೆಗಾಗಿ ಅಲ್ಲ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಕಣಗಳ ಜಾಡು ಹಿಡಿಯುವ ತಂತ್ರದಿಂದ ಮೆಡಿಪಿಕ್ಸ್ ಚಿಪ್ಪುಗಳು ಬಂದವು. 2018ರಲ್ಲಿ ನ್ಯೂಜಿಲೆಂಡಿನ ಬಟ್ಲರ್ ಅಪ್ಪ ಮಗ ಆ ಚಿಪ್ಪಿನಿಂದ ಮನುಷ್ಯನ ಕೈಯ ಬಣ್ಣದ ಎಕ್ಸ್‌ರೇ ಚಿತ್ರ ತೆಗೆದು ತೋರಿಸಿದರು. ಅದೇ ಸರ್ನ್‌ನ ಪ್ರಯೋಗಗಳಲ್ಲಿ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರೂ ಇದ್ದಾರೆ. ಇದೆಲ್ಲದರಿಂದ ಜನಸಾಮಾನ್ಯನಿಗೇನು ಲಾಭ ಎಂದು ಕೇಳುವವರಿಗೆ ನಾನೀಗ ಕತ್ತು ತೋರಿಸುತ್ತೇನೆ.

ಇಷ್ಟಾದರೂ ಒಂದು ವಿಷಯದಲ್ಲಿ ಯಾವ ಸಿಟಿಯೂ ಪೂರ್ತಿ ಗೆದ್ದಿಲ್ಲ. ಪ್ಲಾಕಿನೊಳಗೆ ಸೋರಿದ ರಕ್ತ ಮತ್ತು ಜಿಡ್ಡಿನ ರಾಡಿ, ಎರಡರ ಅಂಕಿಯೂ ಹತ್ತಿರ ಹತ್ತಿರ. ಸೋರಿದ ರಕ್ತ ಇದ್ದರೆ ಮುಂದೆ ಪಾರ್ಶ್ವವಾಯು ಆಗುವ ಭಯ ಜಾಸ್ತಿ, ಹಾಗಾಗಿ ಇದು ಚಿಕ್ಕ ಮಾತಲ್ಲ. ಅದಕ್ಕೆ ಎಂಆರ್‌ಐ ಬೇಕು. ಅದರ ಒಂದು ಬಗೆಯ ಚಿತ್ರದಲ್ಲಿ ಹಳೆಯ ರಕ್ತ ದೀಪದ ಹಾಗೆ ಬೆಳಗುತ್ತದೆ. ಇತ್ತೀಚೆಗೆ ಪ್ಲಾಕ್ ರಾಡ್ಸ್ ಎಂಬ ಶ್ರೇಣಿ ಪದ್ಧತಿ ಬಂದಿದೆ. ಅದು ಕಿರಿದಾದ ಶೇಕಡಾ ಕೇಳುವ ಬದಲು ಪ್ಲಾಕಿನ ಗುಣ ಕೇಳುತ್ತದೆ. ಗೋಡೆ 3 ಮಿಲಿಮೀಟರ್‌ಗಿಂತ ದಪ್ಪ ಇದೆಯಾ? ಒಳಗೆ ರಕ್ತ ಸೋರಿದೆಯಾ? ಮುಚ್ಚಳ ಒಡೆದಿದೆಯಾ? ಸೋರಿದ್ದರೆ, ಒಡೆದಿದ್ದರೆ, ಹೆಪ್ಪು ಅಂಟಿದ್ದರೆ ಕೊನೆಯ ಶ್ರೇಣಿ 4. ಇದು ಎಲ್ಲ ಕಡೆ ರೂಢಿಗೆ ಬರಬೇಕು ಎಂದು ನನಗನ್ನಿಸುತ್ತದೆ.

ಹಾಗೆಂದು ಫೋಟಾನ್ ಕೌಂಟಿಂಗ್ ಯಂತ್ರ ಎಲ್ಲಿದೆ ಎಂದು ಹುಡುಕಿಕೊಂಡು ಊರೂರು ಅಲೆಯಬೇಡಿ. ಮುಖ ವಾರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಹತ್ತು ನಿಮಿಷದಲ್ಲಿ ಸರಿಹೋದರೂ ಕೂಡ, ಹತ್ತಿರದ ದೊಡ್ಡ ಆಸ್ಪತ್ರೆಗೆ ಆಗಲೇ ಓಡಬೇಕು. ಅಲ್ಲಿ ಇರುವ ಸಾಮಾನ್ಯ ಸಿಟಿಯೇ ಆಗ ದೊಡ್ಡ ಯಂತ್ರ. ನಾಳದಲ್ಲಿ ಸುಣ್ಣ ಕಡಿಮೆ ಇದ್ದವರಿಗೂ ಸಾಮಾನ್ಯ ಸಿಟಿ ಸಾಕು. ಸುಣ್ಣ ದಪ್ಪ ಇದ್ದು, ಅಂಕಿ ಗಡಿಯ ಹತ್ತಿರ ತೂಗಾಡುತ್ತಿದ್ದು, ಆಪರೇಷನ್ ಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿದ್ದರೆ ಆಗ ಡ್ಯುಯಲ್ ಎನರ್ಜಿ ಅಥವಾ ಫೋಟಾನ್ ಕೌಂಟಿಂಗ್ ಕೇಳಿ ನೋಡುವುದರಲ್ಲಿ ಅರ್ಥವಿದೆ. ತುರ್ತು ಇಲ್ಲದೆ ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡಿಸುವುದಾದರೆ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿರಬೇಕು. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

ಮಾವನ ಲೆಕ್ಕ ಬಗೆಹರಿದದ್ದು ಯಾವ ಹೊಸ ಯಂತ್ರದಿಂದಲೂ ಅಲ್ಲ. ಸರ್ಜನ್ ಮಾವನ ಸಿಡಿಯನ್ನು ಇನ್ನೊಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸಿದರು. ಅವರು ಅದೇ ಸ್ಕ್ಯಾನಿನ ತೆಳು ಸ್ಲೈಸ್‌ಗಳನ್ನು ತೆಗೆದು, ಕಪ್ಪು ಬಿಳುಪಿನ ವಿಂಡೋ ಅಗಲ ಮಾಡಿದರು. ಮೂಳೆ ನೋಡುವಾಗ ಮಾಡುತ್ತಾರಲ್ಲ, ಹಾಗೆ. ಸುಣ್ಣದ ಪ್ರಭಾವಳಿ ಇಳಿಯಿತು, ಪಕ್ಕದಲ್ಲಿ ದಾರಿ ಬಿಟ್ಟುಕೊಂಡಿತು. ನ್ಯಾಸೆಟ್ ಪದ್ಧತಿಯಲ್ಲಿ ಸುಮಾರು 60 ಎಂದು ಬರೆದುಕೊಟ್ಟರು. ಡಾಪ್ಲರ್ ಹೇಳಿದ್ದಕ್ಕೆ ತಾಳೆಯಾಯಿತು. ಆಪರೇಷನ್ ಸದ್ಯಕ್ಕಿಲ್ಲ, ಸ್ಟ್ಯಾಟಿನ್ ಮತ್ತು ಆಸ್ಪಿರಿನ್ ಮಾತ್ರೆ, ಬಿಪಿ ಹಿಡಿತದಲ್ಲಿಡುವುದು, ಆರು ತಿಂಗಳಿಗೆ ಮತ್ತೆ ಡಾಪ್ಲರ್. ಬೀಡಿ ಅವರು ಮೊದಲೇ ಬಿಟ್ಟಿದ್ದರು.

ಅಂದಿನಿಂದ ನಾನು ಪರಿಚಯದವರಿಗೆಲ್ಲ ಹೇಳುವುದು ಒಂದೇ. ಸ್ಕ್ಯಾನ್ ಸೆಂಟರಿನವರು ಕೊಡುವ ಬಣ್ಣಬಣ್ಣದ ದೊಡ್ಡ ಫಿಲ್ಮ್ ಗೋಡೆಗೆ ಹಾಕಲು ಚೆನ್ನ, ಅಳೆಯಲು ಬರುವುದಿಲ್ಲ. ತೆಳು ಸ್ಲೈಸ್‌ಗಳಿರುವ ಸಿಡಿ ಕೇಳಿ ಪಡೆಯಿರಿ. ಡ್ಯುಯಲ್ ಎನರ್ಜಿ ಸ್ಕ್ಯಾನ್ ಆಗಿದ್ದರೆ ಸುಣ್ಣ ಅಳಿಸಿದ ಚಿತ್ರವನ್ನೂ ಆಗಲೇ ಮಾಡಿಸಿಕೊಳ್ಳಿ, ಮೂಲ ದತ್ತಾಂಶವನ್ನು ಯಂತ್ರ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಮಾವ ತಮ್ಮ ಸಿಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹಳೆಯ ಹೋಟೆಲಿನ ಲೆಕ್ಕದ ಪುಸ್ತಕಗಳ ನಡುವೆ ಇಟ್ಟಿದ್ದಾರೆ. ಮೇಲೆ ಪೆನ್ನಿನಲ್ಲಿ “60, ಎಡ, ತಾಳೆಯಾಗಿದೆ” ಎಂದು ಬರೆದು ತಾರೀಕು ಹಾಕಿದ್ದಾರೆ.